ನೀರಜ್ ಚೋಪ್ರಾ ಬಳಿಯೂ ದೇಶಪ್ರೇಮದ ಸರ್ಟಿಫಿಕೇಟ್ ಕೇಳಿದೆವು; ಹಾಗಾದರೆ ದೊಡ್ಡ ಆಟಗಾರ ಅಂದರೆ ಯಾರು?

2025ರ ಜುಲೈ 5, ಶನಿವಾರ ಸಂಜೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಜನ ಜಾವೆಲಿನ್ ನೋಡೋಕೆ ಬಂದು ಕೂತಿದ್ದರು. ಕ್ರಿಕೆಟ್ ಅಲ್ಲ, ಐಪಿಎಲ್ ಅಲ್ಲ, ಭರ್ಜಿ ಎಸೆತ! ಹತ್ತು ವರ್ಷದ ಹಿಂದೆ ಯಾರಾದರೂ ಹೀಗಾಗುತ್ತೆ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಅವತ್ತು ನೀರಜ್ ಚೋಪ್ರಾ 86.18 ಮೀಟರ್ ಎಸೆದು ತಮ್ಮದೇ ಹೆಸರಿನ ಕೂಟವನ್ನು ಗೆದ್ದರು. ಯೂಟ್ಯೂಬ್ ವಿಡಿಯೋ ನೋಡಿ ಜಾವೆಲಿನ್ ಕಲಿತು 2015ರಲ್ಲಿ ವಿಶ್ವ ಚಾಂಪಿಯನ್ ಆದ ಕೀನ್ಯಾದ ಜೂಲಿಯಸ್ ಯೆಗೊ ಎರಡನೇ ಸ್ಥಾನ ಪಡೆದರು. ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರಾದರು.

ಆ ಸಂಜೆ ಕಂಠೀರವದಲ್ಲಿ ಇರಬಹುದಾಗಿದ್ದ ಇನ್ನೊಂದು ಹೆಸರಿದೆ. ಹಾಲಿ ಒಲಿಂಪಿಕ್ ಚಾಂಪಿಯನ್, ಪಾಕಿಸ್ತಾನದ ಅರ್ಷದ್ ನದೀಮ್. ನೀರಜ್ ಅವರನ್ನು ಕರೆದಿದ್ದರು. ಅವರು ಬರಲಿಲ್ಲ. ಆದರೆ ಕರೆದದ್ದಕ್ಕೇ ನೀರಜ್ ತೆತ್ತ ಬೆಲೆ ಸಣ್ಣದಲ್ಲ. ಭಾರತಕ್ಕೆ ಅಥ್ಲೆಟಿಕ್ಸ್‌ನಲ್ಲಿ ಮೊದಲ ಒಲಿಂಪಿಕ್ ಚಿನ್ನ ತಂದ, ಸೇನೆಯ ಸಮವಸ್ತ್ರ ತೊಡುವ ಒಬ್ಬ ರೈತನ ಮಗ ತನ್ನ ದೇಶಪ್ರೇಮಕ್ಕೆ ವಿವರಣೆ ಕೊಡಬೇಕಾಯಿತು.

ನಾವು ಕ್ರೀಡಾಪಟುಗಳನ್ನು ಯಾಕೆ ಮೆಚ್ಚುತ್ತೇವೆ? ಅವರಲ್ಲಿ ದೊಡ್ಡದು ಅಂತ ನಾವು ಕರೆಯುವ ಗುಣ ಯಾವುದು? ಪದಕವಾ, ದಾಖಲೆಯಾ, ಅಥವಾ ನಮ್ಮ ಸಿಟ್ಟನ್ನು ನಮ್ಮ ಪರವಾಗಿ ತೀರಿಸಿಕೊಡೋದಾ? ನೀರಜ್ ಮತ್ತು ಅರ್ಷದ್ ಅವರ ಹತ್ತು ವರ್ಷದ ಕತೆ ಈ ಪ್ರಶ್ನೆಯನ್ನು ನೇರವಾಗಿ ನಮ್ಮ ಮುಂದೆ ಇಡುತ್ತದೆ.

ನಾಲ್ಕು ದಿನಗಳಲ್ಲಿ ಬದಲಾದ ದೇಶ

ಘಟನೆಗಳ ಕ್ರಮವನ್ನು ಒಮ್ಮೆ ನೋಡಿ. 2025ರ ಏಪ್ರಿಲ್ 21, ಸೋಮವಾರ. ತಮ್ಮ ಕೂಟಕ್ಕೆ ವಿಶ್ವದ ಅಗ್ರ ಎಸೆತಗಾರರನ್ನೆಲ್ಲ ಕರೆದಿದ್ದೇನೆ, ಅರ್ಷದ್ ಅವರನ್ನೂ ಆಹ್ವಾನಿಸಿದ್ದೇನೆ ಎಂದು ನೀರಜ್ ಮಾಧ್ಯಮದವರಿಗೆ ತಿಳಿಸಿದರು. ಮಾರನೇ ದಿನ, ಏಪ್ರಿಲ್ 22ರಂದು, ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಪ್ರವಾಸಿಗರನ್ನು ಉಳಿಸಲು ಹೋದ, ಕುದುರೆ ಸವಾರಿ ಮಾಡಿಸಿ ಬದುಕುತ್ತಿದ್ದ ಸ್ಥಳೀಯ ಕಾಶ್ಮೀರಿ ಮುಸ್ಲಿಂ ಯುವಕನೂ ಇದ್ದ. ಇಡೀ ದೇಶ ಸಿಟ್ಟು, ಸಂಕಟದಲ್ಲಿತ್ತು. ಅದು ಸಹಜ.

ಏಷ್ಯನ್ ಚಾಂಪಿಯನ್‌ಶಿಪ್‌ಗೆ ತಯಾರಿ ನಡೆಸುತ್ತಿರುವುದರಿಂದ ಬೆಂಗಳೂರಿಗೆ ಬರಲಾಗದು ಎಂದು ಅರ್ಷದ್ ಅಷ್ಟರಲ್ಲೇ ಹೇಳಿಯಾಗಿತ್ತು. ಆದರೂ ಸೋಷಿಯಲ್ ಮೀಡಿಯಾದಲ್ಲಿ ನೀರಜ್ ಮೇಲೆ ಬೈಗುಳ ನಿಲ್ಲಲಿಲ್ಲ. ಅವರನ್ನು ಮಾತ್ರವಲ್ಲ, ಅವರ ತಾಯಿಯನ್ನೂ ಬಿಡಲಿಲ್ಲ.

ಏಪ್ರಿಲ್ 25ರಂದು ನೀರಜ್ ಒಂದು ಹೇಳಿಕೆ ಹಾಕಿದರು. ಸಾರಾಂಶ ಇಷ್ಟು: ನಾನು ಮಾತು ಕಡಿಮೆ ಆಡುವವನು, ಹಾಗಂತ ತಪ್ಪು ಅನಿಸಿದ್ದರ ವಿರುದ್ಧ ಮಾತಾಡುವುದಿಲ್ಲ ಎಂದಲ್ಲ, ಆ ಆಹ್ವಾನ ಒಬ್ಬ ಅಥ್ಲೀಟ್ ಇನ್ನೊಬ್ಬ ಅಥ್ಲೀಟ್‌ಗೆ ಕೊಟ್ಟದ್ದು, ಅದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಅದು ಹೋದದ್ದು ದಾಳಿಗೆ ಮೊದಲು. ಒಂದು ವರ್ಷದ ಹಿಂದೆ ತಾಯಿ ಆಡಿದ ಮಾತನ್ನು ಹೊಗಳಿದ ಜನರೇ ಈಗ ಅದೇ ಮಾತಿಗೆ ಆಕೆಯನ್ನು ಬೈಯುತ್ತಿದ್ದಾರೆ ಅಂತಲೂ ಅವರು ನೋವು ತೋಡಿಕೊಂಡರು.

ಆ ತಾಯಿ ಏನು ಹೇಳಿದ್ದರು ಅನ್ನೋದು ನೆನಪಿದೆ ಅಲ್ವಾ? 2024ರ ಆಗಸ್ಟ್ 8ರ ರಾತ್ರಿ ಪ್ಯಾರಿಸ್‌ನಲ್ಲಿ ಅರ್ಷದ್ ಚಿನ್ನ, ನೀರಜ್ ಬೆಳ್ಳಿ ಗೆದ್ದಾಗ, ಪಾಣಿಪತ್ ಜಿಲ್ಲೆಯ ಖಂಡ್ರಾ ಗ್ರಾಮದ ಮನೆಯಲ್ಲಿ ಸರೋಜ್ ದೇವಿ ಕ್ಯಾಮೆರಾ ಮುಂದೆ ಹೇಳಿದ್ದು: ಬೆಳ್ಳಿ ಬಂದದ್ದು ನಮಗೆ ಖುಷಿಯೇ, ಚಿನ್ನ ಗೆದ್ದವನೂ ನಮ್ಮ ಮಗನೇ. ಗಡಿಯಾಚೆ ಅರ್ಷದ್ ಅವರ ತಾಯಿ ಕೂಡ ನೀರಜ್ ಬಗ್ಗೆ ಇಂಥದ್ದೇ ಮಾತಾಡಿದರು. ಆಗ ಎರಡೂ ದೇಶಗಳ ಟಿವಿಗಳು ಅದನ್ನು ದಿನಗಟ್ಟಲೆ ತೋರಿಸಿದವು. ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು.

ಆ ತಾಯಿಯ ಮಾತು ಬದಲಾಗಿರಲಿಲ್ಲ. ಬದಲಾದದ್ದು ನಾವು.

ಗುವಾಹಟಿಯಿಂದ ಪ್ಯಾರಿಸ್‌ವರೆಗೆ

ಇವರಿಬ್ಬರೂ ದೊಡ್ಡ ಕೂಟವೊಂದರಲ್ಲಿ ಎದುರಾದದ್ದು 2016ರ ಫೆಬ್ರವರಿಯಲ್ಲಿ, ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ. ಅದಕ್ಕೆ ಸುಮಾರು ಒಂದು ತಿಂಗಳ ಮುಂಚೆ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ನಡೆದಿತ್ತು. ಆದರೂ ಪಾಕಿಸ್ತಾನದ ತಂಡ ಬಂತು, ಆಡಿತು, ಹೋಯಿತು. ನೀರಜ್‌ಗೆ ಆಗ 18 ವರ್ಷ. ಅವರಿಗೆ ಚಿನ್ನ, ಅರ್ಷದ್‌ಗೆ ಕಂಚು. ಯಾರೂ ಯಾರ ದೇಶಪ್ರೇಮವನ್ನೂ ಕೇಳಲಿಲ್ಲ. ಕೇಳೋಕೆ ಇಬ್ಬರ ಹೆಸರೂ ಯಾರಿಗೂ ಗೊತ್ತಿರಲಿಲ್ಲ ಅನ್ನೋದೂ ನಿಜ.

2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್. ಮತ್ತೆ ನೀರಜ್‌ಗೆ ಚಿನ್ನ, ಅರ್ಷದ್‌ಗೆ ಕಂಚು. ಪದಕದ ವೇದಿಕೆಯಲ್ಲಿ ಇಬ್ಬರೂ ಕೈ ಕುಲುಕಿದ ಫೋಟೋ ಎರಡೂ ದೇಶಗಳಲ್ಲಿ ಹರಿದಾಡಿತು.

2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಅದಾದ ಕೆಲ ದಿನಕ್ಕೆ ಸಂದರ್ಶನವೊಂದರಲ್ಲಿ ಅವರು ಹೇಳಿದ ಒಂದು ಸಣ್ಣ ಸಂಗತಿ ದೊಡ್ಡ ಗದ್ದಲವಾಯಿತು. ಫೈನಲ್ ಶುರುವಾಗುವ ಹೊತ್ತಿಗೆ ತನ್ನ ಜಾವೆಲಿನ್ ಕಾಣಲಿಲ್ಲ, ನೋಡಿದರೆ ಅರ್ಷದ್ ಕೈಯಲ್ಲಿತ್ತು, ಕೇಳಿ ಪಡೆದೆ ಅಂದಿದ್ದರು. ಅಷ್ಟೇ ಸಾಕಾಯಿತು, ಪಾಕಿಸ್ತಾನದವನು ಜಾವೆಲಿನ್ ಹಾಳು ಮಾಡಲು ನೋಡಿದ ಅಂತ ಕತೆ ಕಟ್ಟಿದರು. ನೀರಜ್ ಸುಮ್ಮನಿದ್ದಿದ್ದರೆ ಅವರಿಗೇನೂ ನಷ್ಟವಿರಲಿಲ್ಲ. ಇಡೀ ದೇಶ ಅವರನ್ನು ಹೊತ್ತು ಮೆರೆಸುತ್ತಿದ್ದ ಕಾಲ ಅದು. ಆದರೆ ಅವರು ವಿಡಿಯೋ ಮಾಡಿ ಹಾಕಿದರು. ಸ್ಪರ್ಧೆಗೆ ಒಪ್ಪಿಸಿದ ಜಾವೆಲಿನ್ ಅನ್ನು ಯಾರು ಬೇಕಾದರೂ ಬಳಸಬಹುದು, ಅದು ನಿಯಮ. ನನ್ನ ಹೆಸರನ್ನು ನಿಮ್ಮ ಕೊಳಕು ಅಜೆಂಡಾಕ್ಕೆ ಬಳಸಬೇಡಿ ಎಂದರು. ಚಿನ್ನ ಗೆದ್ದು ಮೂರು ವಾರವೂ ಆಗಿರದ 23ರ ಹುಡುಗ ತನ್ನ ಅಭಿಮಾನಿಗಳಿಗೇ ಹೇಳಿದ ಮಾತಿದು.

2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನೀರಜ್ 88.17, ಅರ್ಷದ್ 87.82. ಚಿನ್ನಕ್ಕೂ ಬೆಳ್ಳಿಗೂ ಮಧ್ಯೆ 35 ಸೆಂಟಿಮೀಟರ್, ಅಂದರೆ ಮೊಳಕ್ಕಿಂತಲೂ ಕಡಿಮೆ. ಧ್ವಜ ಹೊದ್ದು ಫೋಟೋಗೆ ನಿಂತ ನೀರಜ್ ಅಲ್ಲೇ ಪಕ್ಕದಲ್ಲಿದ್ದ ಅರ್ಷದ್ ಅವರನ್ನು ಕೈಬೀಸಿ ಕರೆದು ಜೊತೆಗೆ ನಿಲ್ಲಿಸಿಕೊಂಡರು.

ಮುಂದಿನ ವರ್ಷ ಮಾರ್ಚ್‌ನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳು ಬಾಕಿ ಇರುವಾಗ, ಅರ್ಷದ್ ತಮ್ಮ ಕಷ್ಟ ಹೇಳಿಕೊಂಡರು. ಅಂತಾರಾಷ್ಟ್ರೀಯ ಮಟ್ಟದ್ದು ಅಂತ ಇದ್ದ ಒಂದೇ ಜಾವೆಲಿನ್ ಏಳೆಂಟು ವರ್ಷ ಬಳಸಿ ಹಾಳಾಗಿದೆ, ಹೊಸದು ಸಿಗುತ್ತಿಲ್ಲ ಅಂತ. ಅವರು ಪಾಕಿಸ್ತಾನದ ಪಂಜಾಬಿನ ಮಿಯಾಂ ಚನ್ನು ಕಡೆಯ ಬಡ ಕುಟುಂಬದವರು, ತಂದೆ ಕಟ್ಟಡ ಕೆಲಸದವರು. ಇದನ್ನು ಕೇಳಿದ ನೀರಜ್ ಬಹಿರಂಗವಾಗಿಯೇ ಮಾತಾಡಿದರು. ಇಂಥ ಆಟಗಾರನಿಗೆ ಒಂದು ಜಾವೆಲಿನ್‌ಗೆ ಪರದಾಟ ಅಂದರೆ ನಂಬೋಕಾಗಲ್ಲ, ತಯಾರಕರು ತಾವಾಗಿಯೇ ಮುಂದೆ ಬರಬಹುದು, ಅಲ್ಲಿನ ಸರ್ಕಾರವೂ ನೋಡಬೇಕು ಎಂದರು. ಒಲಿಂಪಿಕ್ಸ್‌ನಲ್ಲಿ ತನ್ನ ಚಿನ್ನವನ್ನು ಕಿತ್ತುಕೊಳ್ಳಬಲ್ಲ ಮನುಷ್ಯನಿಗೆ ಒಳ್ಳೆಯ ಸಲಕರಣೆ ಸಿಗಲಿ ಅಂತ ಕೇಳುವುದು ಇದು!

ಆಮೇಲೆ ಆದದ್ದೂ ಅದೇ. ಪ್ಯಾರಿಸ್ ಫೈನಲ್‌ನ ಎರಡನೇ ಎಸೆತದಲ್ಲಿ ಅರ್ಷದ್ 92.97 ಮೀಟರ್ ದಾಟಿಸಿದರು. ಅದು ಒಲಿಂಪಿಕ್ ದಾಖಲೆ, ಪಾಕಿಸ್ತಾನಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ನೀರಜ್ ಆರು ಎಸೆತಗಳಲ್ಲಿ ಐದು ಫೌಲ್ ಮಾಡಿದರು. ಸರಿಯಾದ ಒಂದೇ ಎಸೆತ 89.45 ಮೀಟರ್‌ಗೆ ಹೋಯಿತು. ಬೆಳ್ಳಿ.

ಎದುರಾಳಿ ಇಲ್ಲದೆ ಆಟಗಾರನಿಲ್ಲ

ಇಲ್ಲಿಗೆ ಬಂದಾಗ ಆಟದ ಒಳಗಿನ ಒಂದು ಲೆಕ್ಕ ನೋಡಬೇಕು. ಜಾವೆಲಿನ್ ಕುಸ್ತಿಯ ಹಾಗೆ ಮೈಗೆ ಮೈ ತಾಗಿಸಿ ಆಡುವ ಆಟವಲ್ಲ. ಓಡಿ ಬಂದು, ಗೆರೆಯ ಹಿಂದೆ ನಿಂತು, 800 ಗ್ರಾಂ ತೂಕದ ಕೋಲನ್ನು ಒಬ್ಬರೇ ಎಸೆಯಬೇಕು. ಎದುರಾಳಿ ನಿಮ್ಮನ್ನು ಮುಟ್ಟುವುದೂ ಇಲ್ಲ. ಆದರೂ ಅವನು ಎಸೆದ ದೂರ ನಿಮ್ಮ ಎಸೆತವನ್ನು ಬದಲಿಸುತ್ತದೆ. ಎದುರಿಗೆ 93ರ ಹತ್ತಿರದ ಗುರುತು ಬಿದ್ದ ಮೇಲೆ 88 ಎಸೆದು ಸಮಾಧಾನ ಪಟ್ಟುಕೊಳ್ಳೋಕಾಗಲ್ಲ.

ನೀರಜ್ ವರ್ಷಗಟ್ಟಲೆ 90 ಮೀಟರ್ ಗೆರೆಯ ಸುತ್ತ ಸುತ್ತುತ್ತಿದ್ದರು. 2022ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 89.94ಕ್ಕೆ ಹೋಗಿ ಆರು ಸೆಂಟಿಮೀಟರ್‌ನಿಂದ ತಪ್ಪಿತ್ತು. ಪ್ಯಾರಿಸ್ ಸೋತ ಒಂಬತ್ತು ತಿಂಗಳಿಗೆ, 2025ರ ಮೇ 16ರಂದು ದೋಹಾದಲ್ಲಿ, 90.23 ಮೀಟರ್ ಎಸೆದರು. ಇದರಲ್ಲಿ ಆಗಿನ ಹೊಸ ಕೋಚ್, ವಿಶ್ವದಾಖಲೆಯ ಒಡೆಯ ಯಾನ್ ಝೆಲೆಜ್ನಿ ಪಾಲೂ ಇತ್ತು. ಆದರೆ ತಮಾಷೆ ನೋಡಿ, ಜೀವಮಾನದ ಶ್ರೇಷ್ಠ ಎಸೆತ ಎಸೆದ ಆ ದಿನವೂ ನೀರಜ್ ಎರಡನೆಯವರೇ. ಜರ್ಮನಿಯ ಜೂಲಿಯನ್ ವೆಬರ್ 91.06 ಎಸೆದಿದ್ದರು. ನೀರಜ್ ಅವರನ್ನು ನೀರಜ್ ಮಾಡಿದ್ದು ಖಂಡ್ರಾದ ಹೊಲ, ಪಾಣಿಪತ್‌ನ ಶಿವಾಜಿ ಕ್ರೀಡಾಂಗಣ ಮತ್ತು ಸೇನೆ ಮಾತ್ರವಲ್ಲ. ಅರ್ಷದ್, ವೆಬರ್, ಯೆಗೊ ಇವರೂ ಹೌದು. ಇದನ್ನು ಅಭಿಮಾನಿಗಳು ಮರೆಯಬಹುದು, ಆಟಗಾರ ಮರೆಯಲಾರ.

ಕನ್ನಡದಲ್ಲಿ ‘ಎದುರಾಳಿ’ ಅಂತ ಒಂದು ಒಳ್ಳೆಯ ಪದವಿದೆ. ಎದುರಿಗಿರುವ ಆಳು, ಅಷ್ಟೇ. ಹಗೆ, ವೈರಿ, ಶತ್ರು ಅನ್ನೋದಕ್ಕೆ ಬೇರೆಯೇ ಪದಗಳಿವೆ. ನಮ್ಮ ಟಿವಿ ಪರದೆಗಳು ಈ ಪದಗಳನ್ನು ಒಂದೇ ಮಾಡಿಬಿಟ್ಟಿವೆ. ನೀರಜ್ ಮಾಡಿಲ್ಲ.

ಲಾಹೋರ್‌ಗೆ ಹೋದ ಮಿಲ್ಖಾ

ಟೋಕಿಯೊ ಚಿನ್ನವನ್ನು ನೀರಜ್ ಅರ್ಪಿಸಿದ್ದು ಮಿಲ್ಖಾ ಸಿಂಗ್ ಅವರಿಗೆ. ಎರಡು ತಿಂಗಳ ಹಿಂದಷ್ಟೇ, ಜೂನ್ 18ರಂದು, ಮಿಲ್ಖಾ ತೀರಿಕೊಂಡಿದ್ದರು. ಭಾರತದ ಅಥ್ಲೀಟ್ ಒಬ್ಬ ಒಲಿಂಪಿಕ್ ಪದಕ ತರುವುದನ್ನು ನೋಡಬೇಕು ಅನ್ನೋದು ಅವರ ಕೊನೆಯ ಆಸೆಯಾಗಿತ್ತು.

ಮಿಲ್ಖಾ ಕತೆ ಈ ಹೊತ್ತಿಗೆ ತುಂಬಾ ಮುಖ್ಯ. ಈಗ ಪಾಕಿಸ್ತಾನದಲ್ಲಿರುವ ಊರಿನಲ್ಲಿ ಹುಟ್ಟಿದ ಅವರು ದೇಶ ವಿಭಜನೆಯ ಹಿಂಸೆಯಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ನಿರಾಶ್ರಿತನಾಗಿ ದೆಹಲಿಗೆ ಬಂದವರು. 1960ರಲ್ಲಿ ಲಾಹೋರ್‌ನ ಓಟಕ್ಕೆ ಕರೆ ಬಂದಾಗ ಹೋಗಲ್ಲ ಎಂದಿದ್ದರು. ಹಾಗನ್ನಲು ಅವರಿಗೆ ಇದ್ದಷ್ಟು ಕಾರಣ ಇವತ್ತು ಕೀಬೋರ್ಡ್ ಮುಂದೆ ಕೂತು ಬೈಯುವ ಯಾರಿಗೂ ಇಲ್ಲ. ಪ್ರಧಾನಿ ನೆಹರೂ ಮನವೊಲಿಸಿ ಕಳಿಸಿದರು. ಅಲ್ಲಿ ಏಷ್ಯಾದ ವೇಗದ ಓಟಗಾರ ಅಬ್ದುಲ್ ಖಾಲಿಕ್ ಅವರನ್ನು ಮಿಲ್ಖಾ 200 ಮೀಟರ್ ಓಟದಲ್ಲಿ ಸೋಲಿಸಿದರು. ಅವರಿಗೆ ‘ಫ್ಲೈಯಿಂಗ್ ಸಿಖ್’ ಎಂಬ ಹೆಸರು ಅಂಟಿಕೊಂಡಿದ್ದು ಆ ಓಟದ ನಂತರ, ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಾಯಿಂದ. ನಾವು ಹೆಮ್ಮೆಯಿಂದ ಹೇಳುವ ಬಿರುದು ಗಡಿಯಾಚೆಯಿಂದ ಬಂದದ್ದು.

ನೆಹರೂ ಇವತ್ತು ಹೀಗೆ ಒಬ್ಬ ಓಟಗಾರನನ್ನು ಲಾಹೋರ್‌ಗೆ ಕಳಿಸಿದ್ದರೆ ಏನಾಗುತ್ತಿತ್ತು? ಉತ್ತರ ನಿಮಗೇ ಗೊತ್ತು.

‘ಹಾಗಾದರೆ ಪಹಲ್ಗಾಮ್‌ನ ಕುಟುಂಬಗಳಿಗೆ ಏನು ಹೇಳ್ತೀರಿ?’

ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಮನೆಯವರನ್ನು ಕಣ್ಣೆದುರೇ ಕಳೆದುಕೊಂಡವರಿಗೆ ಆಟ ಬೇಡ ಅನಿಸಬಹುದು. ಪಾಕಿಸ್ತಾನದ ಜೊತೆ ಯಾವ ಆಟವೂ ಬೇಡ ಅಂತ ಒಂದು ದೇಶ ನಿರ್ಧರಿಸಬಹುದು. ಅದೊಂದು ನಿಲುವು, ಒಪ್ಪಲಿ ಬಿಡಲಿ, ಗೌರವದಿಂದ ಚರ್ಚಿಸಬೇಕಾದದ್ದು. ಆದರೆ ನಿಲುವು ಅಂದಮೇಲೆ ಅದು ಎಲ್ಲರಿಗೂ ಒಂದೇ ಆಗಿರಬೇಕು.

ಆದದ್ದೇನು? 2025ರ ಆಗಸ್ಟ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ನೀತಿಯೊಂದನ್ನು ಪ್ರಕಟಿಸಿತು. ಪಾಕಿಸ್ತಾನದ ಜೊತೆ ದ್ವಿಪಕ್ಷೀಯ ಸರಣಿ ಇಲ್ಲ. ಆದರೆ ಹಲವು ದೇಶಗಳು ಸೇರುವ ಕೂಟಗಳಲ್ಲಿ ಭಾರತ ಆಡುತ್ತದೆ, ಅಂಥ ಕೂಟ ಭಾರತದಲ್ಲೇ ನಡೆದರೆ ಪಾಕಿಸ್ತಾನದ ಆಟಗಾರರೂ ಬರಬಹುದು. ಈಗ ಹೇಳಿ, ಹಲವು ದೇಶಗಳ ಎಸೆತಗಾರರು ಬರುವ ಕೂಟಕ್ಕೆ ಅರ್ಷದ್ ಅವರನ್ನು ಕರೆದದ್ದಕ್ಕೆ ನೀರಜ್ ದ್ರೋಹಿ ಎನಿಸಿಕೊಂಡರಲ್ಲ, ನಾಲ್ಕೇ ತಿಂಗಳಿಗೆ ಸರ್ಕಾರವೇ ಲಿಖಿತವಾಗಿ ಹೇಳಿದ್ದು ಅದಕ್ಕಿಂತ ಎಷ್ಟು ದೂರ? ನೀರಜ್‌ಗೆ ಬೈದವರಲ್ಲಿ ಎಷ್ಟು ಜನ ಸಚಿವಾಲಯಕ್ಕೆ ಬೈದರು?

ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಬಂತು. ಭಾರತ ಪಾಕಿಸ್ತಾನದ ಜೊತೆ ಒಂದಲ್ಲ, ಫೈನಲ್ ಸೇರಿ ಮೂರು ಪಂದ್ಯ ಆಡಿತು. ಜಾಹೀರಾತು ಓಡಿತು, ಪ್ರಸಾರದ ಹಣ ಬಂತು. ಆಟಗಾರರು ಮಾತ್ರ ಕೈ ಕುಲುಕಲಿಲ್ಲ. ಅಂದರೆ ಪಂದ್ಯದಿಂದ ಬರುವ ದುಡ್ಡಿಗೆ ಅಡ್ಡಿಯಿಲ್ಲ, ಪಂದ್ಯ ಮುಗಿದ ಮೇಲೆ ಎದುರಾಳಿಯ ಕಣ್ಣು ನೋಡಿ ಕೈ ಕೊಡುವುದಕ್ಕೆ ಮಾತ್ರ ಅಡ್ಡಿ. ಇದನ್ನು ತ್ಯಾಗ ಅಂತ ಕರೆಯೋದು ಹೇಗೆ? ತ್ಯಾಗದಲ್ಲಿ ಏನಾದರೂ ಕಳೆದುಕೊಳ್ಳಬೇಕು. ಇಲ್ಲಿ ಕ್ರಿಕೆಟ್ ಆಡಳಿತ ಕಳೆದುಕೊಂಡದ್ದು ಏನೂ ಇಲ್ಲ, ಕಳೆದುಕೊಂಡದ್ದು ಆಟ ಮಾತ್ರ. 2022ರ ಮಹಿಳಾ ವಿಶ್ವಕಪ್‌ನಲ್ಲಿ ಪಂದ್ಯ ಮುಗಿದ ಮೇಲೆ ಪಾಕಿಸ್ತಾನದ ನಾಯಕಿ ಬಿಸ್ಮಾ ಮಾರೂಫ್ ಅವರ ಹಸುಗೂಸಿನ ಸುತ್ತ ಭಾರತದ ಆಟಗಾರ್ತಿಯರು ಸೇರಿ ಆಡಿಸಿದ ದೃಶ್ಯ ಎಷ್ಟೋ ಜನರ ಫೋನಿನಲ್ಲಿ ಇನ್ನೂ ಇರಬಹುದು. ಮೂರೂವರೆ ವರ್ಷದ ನಂತರ, 2025ರ ಅಕ್ಟೋಬರ್‌ನಲ್ಲಿ, ಅದೇ ಎರಡು ದೇಶಗಳ ಮಹಿಳಾ ತಂಡಗಳೂ ಕೈ ಕುಲುಕದೆ ಮೈದಾನ ಬಿಟ್ಟವು.

ಇನ್ನು ಕುಟುಂಬಗಳ ಮಾತು. ಪಹಲ್ಗಾಮ್‌ನಲ್ಲಿ ಪತಿಯನ್ನು ಕಳೆದುಕೊಂಡ ನೌಕಾಪಡೆ ಅಧಿಕಾರಿಯ ಪತ್ನಿ, ನ್ಯಾಯ ಬೇಕು, ಆದರೆ ಮುಸ್ಲಿಮರು ಮತ್ತು ಕಾಶ್ಮೀರಿಗಳ ಮೇಲೆ ದ್ವೇಷ ಬೇಡ ಎಂದಾಗ ಅವರನ್ನೂ ಟ್ರೋಲ್ ಮಾಡಲಾಯಿತು. ಇದನ್ನು ನೋಡಿದ ಮೇಲೂ ಈ ಬೈಗುಳ ಸಂತ್ರಸ್ತರ ಪರವಾಗಿ ಅಂತ ನಂಬಬೇಕಾ?

ಪರೀಕ್ಷೆ ಯಾರಿಗೆ?

ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಮಹಿಳಾ ಹಾಕಿ ತಂಡ ಸೋತಾಗ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಜಾತಿ ಹಿಡಿದು ಬೈದರು. ಅದೇ 2021ರ ಅಕ್ಟೋಬರ್‌ನಲ್ಲಿ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಎದುರು ಇಡೀ ತಂಡ ಸೋತಿತು, ಬೈಸಿಕೊಂಡದ್ದು ಮೊಹಮ್ಮದ್ ಶಮಿ. ದಲಿತರು, ಮುಸ್ಲಿಮರು ಸೋತಾಗಲೆಲ್ಲ ಈ ಪರೀಕ್ಷೆ ಬರೆಯಬೇಕು. ಇದು ಹಳೆಯ ಕತೆ. ನೀರಜ್ ವಿಷಯದಲ್ಲಿ ಹೊಸದೇನೆಂದರೆ, ಆ ಪಟ್ಟಿಗೆ ಸೇರದ, ಸೇನೆಯಲ್ಲಿರುವ, ಗೆದ್ದ ಆಟಗಾರನಿಗೂ ಪರೀಕ್ಷೆ ಬಂತು. ಕೆಲವರಿಗೆ ಹಾಕಿದ ಬೇಲಿ ಒಂದು ದಿನ ಎಲ್ಲರ ಮನೆ ಮುಂದೂ ಬರುತ್ತದೆ.

ಶಮಿ ಪ್ರಸಂಗದಲ್ಲಿ ನಾಯಕ ವಿರಾಟ್ ಕೊಹ್ಲಿ ನಡೆದುಕೊಂಡ ರೀತಿಯನ್ನು ಇಲ್ಲಿ ನೆನೆಯಲೇಬೇಕು. ಧರ್ಮದ ಕಾರಣಕ್ಕೆ ಒಬ್ಬರ ಮೇಲೆ ದಾಳಿ ಮಾಡೋದು ಮನುಷ್ಯ ಮಾಡಬಹುದಾದ ಅತ್ಯಂತ ಹೀನ ಕೆಲಸ ಎಂಬರ್ಥದ ಮಾತನ್ನು ಅವರು ಪತ್ರಿಕಾಗೋಷ್ಠಿಯಲ್ಲೇ ಹೇಳಿದರು. ಪ್ರತಿಫಲವಾಗಿ ಅವರ ಪುಟ್ಟ ಮಗಳಿಗೆ ಅತ್ಯಾಚಾರದ ಬೆದರಿಕೆ ಬಂತು. ‘ಈ ಸಲ ಕಪ್ ನಮ್ದೇ’ ಅಂತ ಕೂಗುವ ನಾವು ಕೊಹ್ಲಿಯ ಶತಕಗಳನ್ನು ಬಾಯಿಪಾಠ ಹೇಳ್ತೀವಿ. ಈ ಒಂದು ಮಾತನ್ನು ಎಷ್ಟು ಜನ ನೆನಪಿಟ್ಟಿದ್ದೇವೆ?

ನೀರಜ್ ದೇವರೂ ಅಲ್ಲ, ಸಂತನೂ ಅಲ್ಲ

ಇಷ್ಟೆಲ್ಲ ಹೇಳಿ ನೀರಜ್ ಅವರನ್ನು ಪೀಠದ ಮೇಲೆ ಕೂರಿಸುವ ಉದ್ದೇಶವಿಲ್ಲ. 2025ರ ಮೇನಲ್ಲಿ, ಎರಡು ದೇಶಗಳ ನಡುವೆ ಸೇನಾ ಸಂಘರ್ಷ ನಡೆದ ಬೆನ್ನಲ್ಲೇ, ದೋಹಾದಲ್ಲಿ ಪತ್ರಕರ್ತರು ಕೇಳಿದಾಗ ಅವರ ಮಾತು ಬದಲಾಗಿತ್ತು. ಅರ್ಷದ್ ಜೊತೆ ತನಗೆ ಅಷ್ಟೇನೂ ಆಪ್ತ ಗೆಳೆತನ ಇರಲಿಲ್ಲ, ಇನ್ನು ಮೊದಲಿನಂತೆ ಇರುವುದಿಲ್ಲ ಎಂದರು. ಗೌರವದಿಂದ ಮಾತಾಡಿಸಿದವರನ್ನು ತಾನೂ ಗೌರವದಿಂದಲೇ ಮಾತಾಡಿಸುತ್ತೇನೆ ಅಂತಲೂ ಸೇರಿಸಿದರು.

ಇದು ಹಿಂದಡಿಯಾ? ಸ್ವಲ್ಪ ಹೌದು. ಬುಡಾಪೆಸ್ಟ್‌ನಲ್ಲಿ ಕೈಬೀಸಿ ಕರೆದ ನೀರಜ್ ಅವರನ್ನು ಮೆಚ್ಚಿದವರಿಗೆ ಇದು ಬೇಸರ ತರಿಸಬಹುದು. ಆದರೆ ತಾಯಿಯನ್ನು ಬೀದಿಯ ಭಾಷೆಯಲ್ಲಿ ಬೈಸಿಕೊಂಡ ಮಗ, ಸೇನೆಯ ಸಂಬಳ ಪಡೆಯುವ ಯೋಧ, ಯುದ್ಧದ ಬಿಸಿ ಆರದ ವಾರದಲ್ಲಿ ಇನ್ನೇನು ಹೇಳಬಹುದಿತ್ತು? ತಪ್ಪು ಹುಡುಕುವುದಾದರೆ ಆ ಮಾತನ್ನು ಅವರ ಬಾಯಿಂದ ಹೊರಡಿಸಿದವರಲ್ಲಿ ಮೊದಲು ಹುಡುಕಬೇಕು. ಆಗಲೂ ಅವರು ಅರ್ಷದ್ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ.

ಮಾತಾಡುವುದರಿಂದ ನಷ್ಟವೇ ಹೆಚ್ಚು ಅನ್ನೋದು ನೀರಜ್‌ಗೆ ಮೊದಲೇ ಗೊತ್ತಿತ್ತು. 2023ರ ಏಪ್ರಿಲ್‌ನಲ್ಲಿ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರು ಹಿಡಿದು ಜಂತರ್ ಮಂತರ್‌ನಲ್ಲಿ ಕೂತಿದ್ದಾಗ, ನಮ್ಮ ಆಟಗಾರರು ನ್ಯಾಯಕ್ಕಾಗಿ ಬೀದಿಗೆ ಬಂದಿರುವುದು ನೋವು ತಂದಿದೆ ಎಂದು ಬಹಿರಂಗವಾಗಿ ಹೇಳಿದ ಕೆಲವೇ ಹಾಲಿ ತಾರೆಗಳಲ್ಲಿ ಅವರೊಬ್ಬರು. ಅವರಿಗಿಂತ ಹತ್ತು ಪಟ್ಟು ದೊಡ್ಡ ಹೆಸರು, ನೂರು ಪಟ್ಟು ದೊಡ್ಡ ಆಸ್ತಿ ಇದ್ದವರು ಆಗ ಜಾಹೀರಾತು ಶೂಟಿಂಗ್‌ನಲ್ಲಿ ಬ್ಯುಸಿ ಇದ್ದರು.

ನಮ್ಮ ಪಾಲಿನ ಕೆಲಸ

ಪದಕ ಗೆದ್ದವರನ್ನು ಎಲ್ಲರೂ ಮೆಚ್ಚುತ್ತಾರೆ, ಅದಕ್ಕೆ ಅಭಿಮಾನಿ ಬೇಕಿಲ್ಲ, ಪದಕಪಟ್ಟಿ ಸಾಕು. ಗೆದ್ದು ಬಂದ ಹೆಸರನ್ನು ಆಟಗಾರ ಎಲ್ಲಿ, ಯಾರಿಗಾಗಿ ಖರ್ಚು ಮಾಡುತ್ತಾನೆ ಅನ್ನೋದು ಅವನ ದೊಡ್ಡತನದ ಲೆಕ್ಕ. ನೀರಜ್ 2021ರಲ್ಲಿ ಎದುರಾಳಿಯ ಮೇಲೆ ಬಂದ ಸುಳ್ಳು ಆರೋಪ ತೊಡೆಯಲು ಖರ್ಚು ಮಾಡಿದರು. 2023ರಲ್ಲಿ ಬೀದಿಯಲ್ಲಿ ಕೂತ ಹೆಣ್ಣುಮಕ್ಕಳಿಗಾಗಿ, 2024ರಲ್ಲಿ ಎದುರಾಳಿಗೆ ಒಂದು ಒಳ್ಳೆಯ ಜಾವೆಲಿನ್ ಸಿಗಲಿ ಅಂತ. 2025ರಲ್ಲಿ ಆ ಖಾತೆಯಿಂದ ತಾಯಿಯ ಮರ್ಯಾದೆಗಾಗಿ ತೆಗೆಯಬೇಕಾಯಿತು. ತೆಗೆಸಿದ್ದು ನಾವು.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇಬ್ಬರೂ ಮತ್ತೆ ಒಂದೇ ಮೈದಾನಕ್ಕಿಳಿದರು. ನೀರಜ್ ಎಂಟನೆಯವರಾದರು, ಅರ್ಷದ್ ಹತ್ತನೆಯವರು. ಚಿನ್ನ ಟ್ರಿನಿಡಾಡ್‌ನ ಕೆಶಾರ್ನ್ ವಾಲ್ಕಾಟ್ ಪಾಲಾಯಿತು. ನಾವು ಯುದ್ಧ ಅಂತ ಕಾದಿದ್ದ ಸ್ಪರ್ಧೆಯಲ್ಲಿ ಇಬ್ಬರೂ ಬೆನ್ನುನೋವು, ಸರ್ಜರಿ, ಸುಸ್ತುಗಳ ಜೊತೆ ಹೋರಾಡುತ್ತಿದ್ದ ಮಾಮೂಲಿ ಮನುಷ್ಯರಾಗಿ ಕಂಡರು. ಭಾರತದ ಪರ ಅವತ್ತು ಮಿಂಚಿದ್ದು 86.27 ಮೀಟರ್ ಎಸೆದು ನಾಲ್ಕನೇ ಸ್ಥಾನ ಪಡೆದ ಸಚಿನ್ ಯಾದವ್. ಪಾಕಿಸ್ತಾನದವನನ್ನು ಹಿಂದೆ ಹಾಕಿದೆವು ಅನ್ನೋ ಸಂಭ್ರಮದಲ್ಲಿ ಈ ಹೆಸರನ್ನು ಎಷ್ಟು ಜನ ಗಮನಿಸಿದರೋ ಗೊತ್ತಿಲ್ಲ.

2026ರ ಸೆಪ್ಟೆಂಬರ್‌ನಲ್ಲಿ ಜಪಾನ್‌ನ ಐಚಿ-ನಗೋಯಾದ ಏಷ್ಯನ್ ಗೇಮ್ಸ್. ಅಲ್ಲಿ ಇಬ್ಬರೂ ಇಳಿದರೆ ನೀರಜ್ ಗೆಲ್ಲಲಿ ಅಂತ ನಾವೆಲ್ಲ ಕೂಗೋಣ, ಗಂಟಲು ಹರಿಯುವಷ್ಟು ಕೂಗೋಣ. ಎಸೆತಗಳೆಲ್ಲ ಮುಗಿದ ಮೇಲೆ ಅವರು ಪಕ್ಕದಲ್ಲಿರುವವನ ಕಡೆ ಕೈ ಚಾಚಿದರೆ, ಆಗಲೂ ಅವರ ಪರವಾಗಿಯೇ ಇರೋಣ. ಕಂಠೀರವದಲ್ಲಿ ಕೀನ್ಯಾದ ಯೆಗೊ ಎಸೆದಾಗಲೂ ಚಪ್ಪಾಳೆ ಹೊಡೆಯಲು ಬೆಂಗಳೂರಿನ ಜನಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಅಷ್ಟು ಮಾಡಲು ನಮಗೆ ಬರುತ್ತದೆ.